ಮಾನಿಟರು ಅಣ್ಣನಿಗೆ, ಡಬ್ಬ ತಮ್ಮನಿಗೆ

ನನ್ನನ್ನು ಬಲ್ಲವರು ನನ್ನ ಬಗ್ಗೆ ಹೇಳುವ ಮೊದಲ ಮಾತು ಸಿಟ್ಟಿನದು. ಗಂಡ ಎದುರಿಗೇ ಹೇಳುತ್ತಾನೆ, ಮಕ್ಕಳು ನಗುತ್ತಾ ಹೇಳುತ್ತಾರೆ, ನಾನು ಪಾಠ ಮಾಡುವ ಶಾಲೆಯಲ್ಲಿ ಬೆನ್ನ ಹಿಂದೆ ಹೇಳುತ್ತಾರೆ. ನಾನು ಇಲ್ಲವೆಂದಿಲ್ಲ. ಆದರೆ ಇದು ಹುಟ್ಟಿನಿಂದ ಬಂದದ್ದಲ್ಲ. ನನ್ನೊಳಗೆ ಬಂದು ಕೂತ ದಿನ ನನಗೆ ಗೊತ್ತು, ಜಾಗ ಗೊತ್ತು. ಶೀಳನೆರೆ ಕಡೆಯ ನಮ್ಮೂರಿನ ಮನೆ, ನಡುಮನೆಯ ಕಿಟಕಿಯ ಪಕ್ಕ, ಒಂದು ಭಾನುವಾರದ ಏರು ಬಿಸಿಲು. ನನಗಾಗ ಹದಿನಾಲ್ಕು ತುಂಬಿತ್ತು.

ಹೊರಗಿನಿಂದ ನೋಡಿದವರಿಗೆ ಅದು ಒಂದೇ ಮನೆ. ಒಳಗೆ ಬಂದರೆ ಎಡಗಡೆಯ ಕೋಣೆ ನಮ್ಮಪ್ಪ ಅವ್ವನದು, ಬಲಗಡೆಯದು ಚಿಕ್ಕಪ್ಪ ಚಿಕ್ಕವ್ವನದು. ನಡುಮನೆಯಲ್ಲಿ ರಾಗಿ ಮೂಟೆಗಳ ಪಕ್ಕ ಅಜ್ಜಿಯ ಚಾಪೆ. ಅಡುಗೆಮನೆ ಒಂದು, ಒಲೆ ಒಂದು, ಆದರೆ ಮುದ್ದೆ ನಮ್ಮವ್ವನದು, ಸಾರು ಚಿಕ್ಕವ್ವನದು. ಯಾವತ್ತಿನಿಂದ ಹೀಗಾಯಿತೋ ಗೊತ್ತಿಲ್ಲ. ಅವ್ವ ಮುದ್ದೆ ತಿರುವುವಾಗ ಚಿಕ್ಕವ್ವ ಒಲೆಯ ಹತ್ತಿರ ಬರುತ್ತಿರಲಿಲ್ಲ, ಚಿಕ್ಕವ್ವ ಉಪ್ಸಾರಿಗೆ ಖಾರ ಅರೆಯುವಾಗ ಅವ್ವ ಕೊಟ್ಟಿಗೆಗೆ ಹೋಗುತ್ತಿದ್ದಳು. ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತಿದ್ದೆವು. ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ನಮ್ಮಪ್ಪ ಬಾಯಿ ಬಿಡುತ್ತಿರಲಿಲ್ಲ, ಮುದ್ದೆ ಗಂಟಾಗಿದ್ದರೆ ಚಿಕ್ಕಪ್ಪ ಗಂಟನ್ನು ತಟ್ಟೆಯ ಅಂಚಿಗೆ ಎತ್ತಿಟ್ಟು ಸುಮ್ಮನಾಗುತ್ತಿದ್ದ. ಆ ಎತ್ತಿಟ್ಟ ಗಂಟು ನೋಡಿ ಅವ್ವ ಮೂರು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದಳು. ಅಪ್ಪ ಹೊಲ ಗದ್ದೆ ನೋಡುತ್ತಿದ್ದ. ಚಿಕ್ಕಪ್ಪ ಕೆ.ಆರ್.ಪೇಟೆಯಲ್ಲಿ ಒಂದು ಆಫೀಸಿನಲ್ಲಿ ಗುಮಾಸ್ತ. ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದು ನನಗೆ ನೆನಪಿಲ್ಲ.

ಇಬ್ಬರು ಅಣ್ಣತಮ್ಮಂದಿರಿಗೆ ಒಂದೊಂದೇ ಮಗು, ನಾನು ಮತ್ತು ಮಧು. ಅವನು ನನಗಿಂತ ನಾಲ್ಕು ತಿಂಗಳಿಗೆ ಚಿಕ್ಕವನು. ಒಂದೇ ಕ್ಲಾಸು, ಒಂದೇ ಬೆಂಚಿನ ಸಾಲು, ಸ್ಕೂಲಿಗೆ ಒಂದೇ ದಾರಿ. ದೊಡ್ಡವರು ಒಬ್ಬರನ್ನೊಬ್ಬರು ಮಾತಾಡಿಸದ ದಿನಗಳಲ್ಲಿ ನಾವೇ ಟಪಾಲು. “ದೊಡ್ಡವ್ವಾ, ಉಪ್ಪಿನಕಾಯಿ ಜಾಡಿ ಎಲ್ಲದೆ ಅಂತೆ ನಮ್ಮವ್ವ” ಎಂದು ಮಧು ಬರುತ್ತಿದ್ದ. ಎರಡು ಮಾರು ದೂರದಲ್ಲೇ ನಿಂತಿದ್ದ ಚಿಕ್ಕವ್ವನಿಗೆ ಅವ್ವನ ಉತ್ತರ ಮುಟ್ಟಿಸಲು ನಾನು ಹೋಗುತ್ತಿದ್ದೆ. ನಮಗೆ ಅದು ಆಟವಾಗಿತ್ತು. ಅವರ ಜಗಳ ನಮ್ಮದಲ್ಲ ಎಂದು ನಾನು ನಂಬಿದ್ದೆ.

ಕಂಪ್ಯೂಟರನ್ನು ತಂದದ್ದು ಚಿಕ್ಕಪ್ಪ. ಯಾವುದೋ ಆಫೀಸಿನಲ್ಲಿ ಹಳೆಯದನ್ನು ಹರಾಜು ಹಾಕಿದ್ದರಂತೆ. ಆ ವರ್ಷದ ಭತ್ತ ಮಾರಿದ ದುಡ್ಡಿನಲ್ಲಿ ಸ್ವಲ್ಪ ಎತ್ತಿಕೊಂಡು ಹೋಗಿ, ಗೊಬ್ಬರದ ಮೂಟೆ ತರುವ ಟೆಂಪೋದಲ್ಲಿ ಹೇರಿಕೊಂಡು ಬಂದ. ಮಕ್ಕಳು ಕಲಿತುಕೊಳ್ಳಲಿ ಅಂತ, ಎಂದ. ಅಪ್ಪ ಬೇಡ ಅನ್ನಲಿಲ್ಲ, ಬೇಕು ಅನ್ನಲೂ ಇಲ್ಲ. ಅಡ್ಡಡ್ಡವಾದ ಒಂದು ತಗಡಿನ ಡಬ್ಬ, ಅದರ ಮೇಲೆ ಗೂನು ಬೆನ್ನಿನ ಮಾನಿಟರು, ಮುಂದೆ ಹಳದಿಗಟ್ಟಿದ ಕೀಬೋರ್ಡು. ಅಜ್ಜಿ ಎದ್ದು ಬಂದು ಸುತ್ತಲೂ ನೋಡಿ, “ಟೀವಿಗೆ ಬಾಲ ಬಂದದಲ್ಲಾ ಲೇ!” ಎಂದಳು. ಮಾರ್ನಮಿ ಹಬ್ಬದಲ್ಲಿ ನೇಗಿಲು, ಗಾಡಿ, ಚಿಕ್ಕಪ್ಪನ ಬೈಕಿನ ಜೊತೆಗೆ ಅದಕ್ಕೂ ವಿಭೂತಿ ಎಳೆದು, ಗಾಜಿನ ನಟ್ಟನಡುವೆ ಕುಂಕುಮ ಇಟ್ಟಳು. ಆ ಕುಂಕುಮದ ಕೆಂಪು ಎಷ್ಟು ಒರೆಸಿದರೂ ಅಂಚಿನಲ್ಲಿ ಉಳಿದೇ ಬಿಟ್ಟಿತು.

ಕಲಿಯುವುದಕ್ಕೆ ಅಂತ ಬಂದದ್ದು ಒಂದೇ ವಾರದಲ್ಲಿ ಆಡುವುದಕ್ಕೆ ಆಯಿತು. ಪೇಟೆಯ ಗೆಳೆಯನೊಬ್ಬನಿಂದ ಮಧು ಒಂದು ಕಾರ್ ರೇಸಿನ ಆಟ ತಂದ. ಹನ್ನೆರಡು ಫ್ಲಾಪಿ. ಒಂದೊಂದಾಗಿ ತುರುಕಿ, ಡಬ್ಬ ಕರ್ ಕರ್ ಎನ್ನುವುದನ್ನು ಕೇಳುತ್ತಾ ಇಬ್ಬರೂ ಉಸಿರು ಹಿಡಿದು ಕೂತೆವು. ಕೊನೆಗೆ ಆಟ ಶುರುವಾಗಲಿಲ್ಲ. ಮೆಮೊರಿ ಸಾಲದು ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ನಿಂತಿತು. ಮಧು ಕೀಬೋರ್ಡು ಗುದ್ದಿದ. ನಾನು ಡಬ್ಬದ ಹಿಂದಿನ ಸ್ಕ್ರೂ ಬಿಚ್ಚಿದೆ. ನಮ್ಮಿಬ್ಬರ ವ್ಯತ್ಯಾಸ ಅಷ್ಟೇ. ಅವನಿಗೆ ಓಡಿಸುವುದು ಇಷ್ಟ, ನನಗೆ ಯಾಕೆ ಓಡುತ್ತಿಲ್ಲ ಎಂದು ನೋಡುವುದು ಇಷ್ಟ. ಒಳಗೆ ರಾಗಿ ಧೂಳು, ಒಂದು ಹಲ್ಲಿಯ ಮೊಟ್ಟೆ, ಹಸಿರು ಹಲಗೆಯ ಮೇಲೆ ಅಕ್ಕಪಕ್ಕ ಎರಡು ಉದ್ದನೆಯ ಸೀಳು. ಒಂದರಲ್ಲಿ ಬೆರಳುದ್ದದ ಪಟ್ಟಿಯೊಂದು ನಿಂತಿತ್ತು, ಇನ್ನೊಂದು ಖಾಲಿ. ಸ್ಕೂಲಿಗೆ ವಾರಕ್ಕೊಮ್ಮೆ ಬರುತ್ತಿದ್ದ ಕಂಪ್ಯೂಟರ್ ಮೇಷ್ಟರಿಗೆ ಚಿತ್ರ ಬರೆದು ತೋರಿಸಿದೆ. ಅದೇ ಮೆಮೊರಿ, ಈಗಿರುವುದು ನಾಲ್ಕು ಎಂ.ಬಿ., ನಿನ್ನ ಆಟಕ್ಕೆ ಹದಿನಾರು ಬೇಕು, ಎಂಟು ಎಂಟರ ಎರಡು ಪಟ್ಟಿ ಹಾಕಿಸು ಎಂದರು. ಹೊಸದು ಕೇಳಬೇಡ, ಶ್ರೀರಂಗಪಟ್ಟಣದಲ್ಲಿ ಟೀವಿ ರಿಪೇರಿ ಮಾಡುವ ಸಾಹೇಬರೊಬ್ಬರು ಹಳೆಯ ಸಾಮಾನು ಇಟ್ಟಿದ್ದಾರೆ, ಅಲ್ಲಿ ಹೋಗು ಎಂದರು.

ದುಡ್ಡು ಯಾರನ್ನು ಕೇಳುವುದು? ಮಧು ಚಿಕ್ಕವ್ವನನ್ನು ಕೇಳಿ, ಸೌಟಿನ ಏಟು ತಿಂದು ಬಂದ. ನಾನು ಅವ್ವನನ್ನು ಕೇಳಿದೆ. ಅವ್ವನಿಗೆ ದೇವಲಾಪುರದ ತವರಿನಿಂದ ಕೊಟ್ಟು ಕಳಿಸಿದ್ದ ಒಂದು ಹಸು ಇತ್ತು, ಕೆಂಪಿ. ಮನೆಯ ಬೇರೆ ಹಸುಗಳ ಹಾಲಿನ ದುಡ್ಡು ಅಜ್ಜಿಯ ಕೈಗೆ ಹೋಗುತ್ತಿತ್ತು. ಕೆಂಪಿಯದು ಮಾತ್ರ ಡೈರಿಯಲ್ಲಿ ಅವ್ವನ ಹೆಸರಿಗೆ ಬೇರೆ ಬರೆಸಿ, ಬಟವಾಡೆ ಬಂದಾಗ ಅವಳೇ ಇಸಿದುಕೊಳ್ಳುತ್ತಿದ್ದಳು. ಅಜ್ಜಿಯೇ ಒಪ್ಪಿ ಮಾಡಿದ್ದ ಏರ್ಪಾಡು ಅದು. ಅವ್ವ ನನ್ನ ಮಾತು ಕೇಳಿ, ಹಾಲು ಕರೆಯುತ್ತಲೇ ತಲೆ ಎತ್ತದೆ ಕೇಳಿದಳು:

“ಅದ್ನ ಆಕುದ್ರೆ ಏನಾಯ್ತದೆ?”

“ಕಾರು ಓಡ್ತದೆ ಕಣವ್ವ.”

“ಯಾರ್ ಓಡ್ಸೋರು?”

“ನಾನೂ ಮಧೂನೂ.”

“ಇಬ್ರೂ ಓಡ್ಸದಾದ್ರೆ ಸರಿ. ಎರಡು ತಿಂಗ್ಳು ಬೆಳಿಗ್ಗೆ ಉಲ್ಲು ನೀನೇ ಕುಯ್ಕಂಬರ್ಬೇಕು.”

ಎರಡು ತಿಂಗಳು ನಾನು ಬೆಳಗಿನ ಹೊತ್ತು ಗದ್ದೆಯ ಬದುಗಳಲ್ಲಿ ಹುಲ್ಲು ಕೊಯ್ದೆ. ಅಂಗೈ ಕುಯ್ದುಕೊಂಡು ಸ್ಕೂಲಿನಲ್ಲಿ ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಮಧು ನಾಲ್ಕು ದಿನ ಬಂದು, ಇಬ್ಬನಿಗೆ ಕಾಲು ನೆನೆಯುತ್ತದೆ ಎಂದು ಐದನೆಯ ದಿನ ಬರಲಿಲ್ಲ. ನಾನೇನೂ ಅಂದುಕೊಳ್ಳಲಿಲ್ಲ. ಎರಡು ತಿಂಗಳಾದ ಮೇಲೆ ಅವ್ವ ನಿಮಿಷಾಂಬ ದೇವಸ್ಥಾನಕ್ಕೆ ಹರಕೆ ಇದೆ ಎಂದು ಮನೆಯಲ್ಲಿ ಹೇಳಿ ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು. ಚಿನಕುರಳಿ, ಪಾಂಡವಪುರ ದಾಟಿ ಶ್ರೀರಂಗಪಟ್ಟಣದಲ್ಲಿ ಇಳಿದು, ಮೊದಲು ನಿಜವಾಗಿಯೂ ದೇವಸ್ಥಾನಕ್ಕೆ ಹೋದೆವು. ಸುಳ್ಳು ಹೇಳಿ ಬಂದಿದ್ದೀನಿ ಅನ್ನಿಸಿಕೊಳ್ಳುವುದು ಅವ್ವನಿಗೆ ಆಗದು. ಆಮೇಲೆ ಪೇಟೆ ಬೀದಿಯಲ್ಲಿ ಸಾಹೇಬರ ಅಂಗಡಿ. ಹೊಟ್ಟೆ ಬಗೆದ ಟೀವಿಗಳ ಮಧ್ಯೆ ಬಿಳಿ ಗಡ್ಡದ ಒಬ್ಬರು ಕಾವಿಯ ಹೊಗೆಯಲ್ಲಿ ಕೂತಿದ್ದರು. ಕಾವಿ ಎಂದರೆ ತಂತಿಗೆ ಬೆಸುಗೆ ಹಾಕುವ ಸಲಾಕೆ. ಅವರು ಡ್ರಾಯರಿನಿಂದ ಎರಡು ಹಸಿರು ಪಟ್ಟಿ ತೆಗೆದು ಅವ್ವನ ಅಂಗೈಗೆ ಇಟ್ಟರು. ಬೆಲೆ ಕೇಳಿ ಅವ್ವ ಗದ್ದದ ಮೇಲೆ ಬೆರಳಿಟ್ಟಳು.

“ಇಷ್ಟುದ್ದುಕ್ಕಾ? ಇದೇನ್ ಚಿನ್ನವಾ ಸಾಹೇಬ್ರೆ?”

“ಚಿನ್ನಾನೇ ಅಮ್ಮಾ. ಇಲ್ಲಿ ನೋಡಿ, ಅಂಚಿಗೆ ಹಲ್ಲು ಹಲ್ಲು ಕಾಣ್ತದಲ್ಲ, ಅದು ಚಿನ್ನದ ನೀರು. ಖಸಮ್ ಸೇ, ದೇವರಾಣೆ.”

ಅವ್ವ ಜಾನುವಾರು ಸಂತೆಯಲ್ಲಿ ಹೇಗೋ ಹಾಗೆ ಚೌಕಾಸಿಗೆ ಇಳಿದಳು. ಎದ್ದು ಬಾಗಿಲವರೆಗೆ ಹೋದಳು, ಮತ್ತೆ ಬಂದು ಕೂತಳು. ಡಬ್ಬದಲ್ಲಿರುವ ಹಳೇ ಪಟ್ಟಿಯನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿಕೊಡುತ್ತೇವೆ, ಅದಕ್ಕೆ ಇಷ್ಟು ಬಿಡಿ ಎಂದಳು. ಸಾಹೇಬರು ನಗುತ್ತಾ ಸೋತರು. ಪಟ್ಟಿಯನ್ನು ಓರೆಯಾಗಿ ಸೀಳಿಗೆ ಇಳಿಸಿ, ಆಮೇಲೆ ನೆಟ್ಟಗೆ ನಿಲ್ಲಿಸಿ, ಟಕ್ ಎನ್ನುವ ತನಕ ಒತ್ತಬೇಕು ಎಂದು ಹಾಳಾದ ಒಂದು ಹಲಗೆಯ ಮೇಲೆ ನನ್ನ ಕೈಯಿಂದಲೇ ಮೂರು ಸಲ ಮಾಡಿಸಿದರು. ಮಧು ಹೊರಗೆ ಚುರುಮುರಿ ತಿನ್ನುತ್ತಾ ನಿಂತಿದ್ದ. ಆ ಚುರುಮುರಿಯೂ ಕೆಂಪಿಯ ಹಾಲಿನದೇ.

ಮಾರನೆಯ ದಿನ ನಾನು ಎರಡೂ ಪಟ್ಟಿ ಹಾಕಿದೆ. ಟಕ್, ಟಕ್. ಕಾರು ಓಡಿತು. ಹಿಮದ ಬೆಟ್ಟಗಳ ನಡುವೆ ಕಪ್ಪು ರಸ್ತೆ, ಕೆಂಪು ಕಾರು. ಆಮೇಲಿನ ಕೆಲವು ವಾರಗಳು ನನ್ನ ಬಾಲ್ಯದಲ್ಲಿ ಅತ್ಯಂತ ಸಂತೋಷದವು. ಸದ್ದು ಬೇಕೆನ್ನಿಸಿ, ಸಾಹೇಬರ ಹತ್ತಿರ ಅರ್ಧಕ್ಕರ್ಧ ಬೆಲೆಗೆ ಹಳೇ ಸೌಂಡ್ ಕಾರ್ಡು ತರಿಸಿದೆ. ಅದಕ್ಕೂ ಅವ್ವನೇ. ಸ್ಪೀಕರಿಗೆ ದುಡ್ಡಿರಲಿಲ್ಲ. ಕೆಟ್ಟುಹೋಗಿದ್ದ ಟೇಪ್ ರೆಕಾರ್ಡರಿನ ಸ್ಪೀಕರನ್ನೇ ಕಿತ್ತು ತಂತಿ ಸೇರಿಸಿದೆ. ಡಬ್ಬ ಕಾಯುತ್ತದೆ ಎಂದು ಮುಚ್ಚಳ ತೆಗೆದು, ಮೇಲೆ ಅಡ್ಡಲಾಗಿ ಮರದ ಹಲಗೆ ಇಟ್ಟು ಮಾನಿಟರು ಕೂರಿಸಿ, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿದೆ. ವೋಲ್ಟೇಜು ಇಳಿದರೆ ಕಾರು ಬೆಟ್ಟದ ನೆತ್ತಿಯಲ್ಲೇ ಸತ್ತುಬೀಳುತ್ತಿತ್ತು. ಆಗ ಇಬ್ಬರೂ ಒಟ್ಟಿಗೆ ಕರೆಂಟಿನವರನ್ನು ಬೈಯುತ್ತಿದ್ದೆವು. ಅಜ್ಜಿ ಕೂಡ ಚಾಪೆಯಿಂದ, “ಇವತ್ತು ಯಾರ್ಲಾ ಗೆದ್ದೋರು?” ಎಂದು ಕೇಳುತ್ತಿದ್ದಳು.

ಅದು ಮುರಿದದ್ದು ಡೈರಿಯ ಬಾಗಿಲಲ್ಲಿ. ಸೌಂಡ್ ಕಾರ್ಡಿನ ದುಡ್ಡಿಗೆ ಅವ್ವ ಡೈರಿಯ ಕಾರ್ಯದರ್ಶಿಯ ಹತ್ತಿರ ಮುಂಗಡ ಕೇಳಿದ್ದಳು. ಅವನು ಅದನ್ನು ಚಿಕ್ಕವ್ವನ ಮುಂದೆ ಆಡಿದ. ಚಿಕ್ಕವ್ವ ಮನೆಗೆ ಬಂದವಳು ಚಪ್ಪಲಿ ಬಿಡದೆ ಅಡುಗೆಮನೆಗೆ ನುಗ್ಗಿದಳು. ಅವ್ವ ಮುದ್ದೆ ತಿರುವುತ್ತಿದ್ದಳು.

“ಆಟದ ಸಾಮಾನ್ಗೆ ಆಲಿನ್ ದುಡ್ಡು ಸುರೀತಿದ್ದೀಯಂತೆ?”

“ನನ್ ಅಸೀಂದು. ನನ್ ತವ್ರಿಂದು. ಅದ್ನ ಯಾರೂ ಕೇಳಂಗಿಲ್ಲ.”

“ಅಸ ನಿಂದೇ ಕಣಕ್ಕ. ಅದು ತಿನ್ನೋ ಉಲ್ಲು ಯಾರ್ದು?”

ಆ ಪ್ರಶ್ನೆ ಆ ಅಡುಗೆಮನೆಯಲ್ಲಿ ಹಲವು ವರ್ಷಗಳಿಂದ ಕಾಯುತ್ತಿತ್ತು ಅನ್ನಿಸುತ್ತದೆ. ಅವ್ವ ಕೋಲು ಬಿಟ್ಟು ಎದ್ದಳು. ಹಿಟ್ಟು ತಳ ಹತ್ತಿ ಸೀದ ವಾಸನೆ ಮನೆಯೆಲ್ಲ ತುಂಬಿತು. ನಾನು ಬಾಗಿಲಲ್ಲಿ ನಿಂತು, “ಆ ಉಲ್ಲು ನಾನ್ ಕುಯ್ದಿದ್ದು ಚಿಕ್ಕವ್ವಾ, ಮೆಮೊರಿ ಮಧೂಗೂ ಸೇರಿಸಿ ತಂದದ್ದು” ಎಂದೆ. ದೊಡ್ಡವರ ಮಧ್ಯೆ ಬಾಯಿ ಹಾಕ್ತೀಯಾ ಎಂದು ಅವಳು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಮಧು ನನ್ನ ಹಿಂದೆಯೇ ನಿಂತಿದ್ದ. ತಿರುಗಿ ನೋಡಿದೆ, ಇರಲಿಲ್ಲ. ಆ ದಿನ ಮೊದಲ ಬಾರಿಗೆ ಊಟದ ಸಾಲು ಎರಡಾಯಿತು. ಸಂಜೆ ಅಣ್ಣತಮ್ಮಂದಿರು ಮಾತಿಗೆ ನಿಂತರು. ಹುಲ್ಲಿನಿಂದ ಶುರುವಾದದ್ದು ಪಂಪ್‌ಸೆಟ್ಟಿಗೆ ಹೋಯಿತು, ಪಂಪ್‌ಸೆಟ್ಟಿನಿಂದ ಚಿಕ್ಕಪ್ಪನ ಸಂಬಳಕ್ಕೆ, ಸಂಬಳದಿಂದ ತಾತ ಸತ್ತಾಗ ಯಾರು ಎಷ್ಟು ಅತ್ತರು ಎನ್ನುವಲ್ಲಿಗೆ. “ಇನ್ ಒಟ್ಟಿಗಿರದು ಬ್ಯಾಡ ಬುಡು” ಎಂದದ್ದು ನಮ್ಮಪ್ಪ. ನನ್ನ ಆಟದ ಹುಚ್ಚಿನಿಂದ ಮನೆ ಒಡೆಯಿತು ಎಂದು ಚಿಕ್ಕವ್ವ ಊರೆಲ್ಲ ಹೇಳಿಕೊಂಡು ಬಂದಳು. ನಾನೂ ಕೆಲವು ದಿನ ಅದನ್ನೇ ನಂಬಿ, ಕೊಟ್ಟಿಗೆಯಲ್ಲಿ ಕೆಂಪಿಯ ಪಕ್ಕ ಕೂತು ಅತ್ತೆ. ಒಡೆಯಲು ಕಾದು ಕೂತಿದ್ದವರಿಗೆ ನೆಪ ಯಾವುದಾದರೇನು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು. ಹದಿನಾಲ್ಕರ ಹುಡುಗಿಯ ತಲೆಯ ಮೇಲೆ ಆ ಭಾರ ಹೊರಿಸಿದ ಆ ನಾಲ್ಕು ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಬ್ಬರಾದರೂ, ನಿಂದೇನೂ ತಪ್ಪಿಲ್ಲ ಮಗಾ, ಎನ್ನಲಿಲ್ಲ.

ಪಂಚಾಯಿತಿಗೆ ಊರಿನ ಯಜಮಾನರು ಬಂದ ಭಾನುವಾರ ನಡುಮನೆಯಲ್ಲಿ ಜಮಖಾನ ಹಾಸಿತ್ತು. ಹೊಲ ಗದ್ದೆ ಹಿಂದಿನ ದಿನವೇ ಅಳೆದಾಗಿತ್ತು. ಮನೆಯ ನಡುವೆ ಗೋಡೆ ಏಳುವ ಜಾಗಕ್ಕೆ ಸುಣ್ಣದ ಗೆರೆ ಬಿದ್ದಿತ್ತು. ಗೆರೆ ಅಜ್ಜಿಯ ಚಾಪೆಯ ಮೇಲೆ ಹಾದುಹೋಗುತ್ತಿತ್ತು, ಅಜ್ಜಿ ಚಾಪೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದಳು. ಆ ದಿನ ಸಾಮಾನಿನ ಭಾಗ. ತಾಮ್ರದ ಹಂಡೆ ಇತ್ತ, ಕೊಪ್ಪರಿಗೆ ಅತ್ತ. ಗಾಡಿ ಇತ್ತ, ಪಂಪ್‌ಸೆಟ್ಟು ಅತ್ತ. ಒರಳುಕಲ್ಲು ಕಿತ್ತರೆ ಒಡೆಯುತ್ತದೆ ಎಂದು ಇದ್ದಲ್ಲೇ ಬಿಟ್ಟರು. ಕೆಂಪಿ ಅವ್ವನದೇ ಎಂದು ಅಜ್ಜಿ ಹೇಳಿದ್ದರಿಂದ ಅದರ ಮಾತು ಬೇಗ ಮುಗಿಯಿತು. ಕೊನೆಗೆ ಯಜಮಾನರು ಕಿಟಕಿಯ ಕಡೆ ತಿರುಗಿದರು. ಕಣ್ಣಿಗೆ ಪೊರೆ ಬಂದಿದ್ದ ಮುದುಕರು, ಮಾತು ಮೆತ್ತಗೆ.

“ಇದ್ನ ಎಂಗ್ಲಾ ಭಾಗ ಮಾಡದು?”

“ನಾನ್ ತಂದಿದ್ದು” ಎಂದ ಚಿಕ್ಕಪ್ಪ.

“ಒಟ್ಟು ಭತ್ತದ ದುಡ್ಡಲ್ಲಿ ತಂದಿದ್ದು” ಎಂದ ಅಪ್ಪ.

ಯಜಮಾನರು ಎದ್ದು ಬಂದು ಮಾನಿಟರನ್ನು ಒಂದು ಸಲ, ಡಬ್ಬವನ್ನು ಒಂದು ಸಲ ತಟ್ಟಿ ನೋಡಿದರು. “ಎರಡು ಸಾಮಾನವೆ, ಇಬ್ರು ಅವ್ರೆ. ಮೇಲಿಂದು ಅಣ್ಣಂಗೆ, ಕೆಳಗಿನ್ ಡಬ್ಬ ತಮ್ಮಂಗೆ.” ಅಪ್ಪ ಆಗಲಿ ಎಂದ. ಚಿಕ್ಕಪ್ಪ ಆಗಲಿ ಎಂದ. ಇಬ್ಬರೂ ಎಷ್ಟು ಬೇಗ ಒಪ್ಪಿದರು! ಒಬ್ಬನಿಗೆ ಉಪಯೋಗವಾಗುವುದಕ್ಕಿಂತ ಇಬ್ಬರಿಗೂ ಹಾಳಾಗಲಿ ಎನ್ನುವ ಆ ಸಮಾಧಾನವನ್ನು ನಾನು ಅವರ ಮುಖದಲ್ಲಿ ನೋಡಿದೆ. ನನ್ನ ಕಿವಿ ಬಿಸಿಯಾಯಿತು.

“ತಾತ, ಎರಡೂ ಸೇರಿದ್ರೇನೇ ಅದು ಕಂಪ್ಯೂಟರು” ಎಂದೆ.

“ಅಣ್ಣತಮ್ಮದೀರು ಸೇರಿದ್ರೇನೇ ಮನೆ ಕಣವ್ವ. ಅದೇ ಆಗ್ನಿಲ್ಲ, ಇದ್ಯಾವ್ ಲೆಕ್ಕ?”

ಕೂತಿದ್ದವರು ನಕ್ಕರು. ನಾನು ಬಿಡಲಿಲ್ಲ. ಡಬ್ಬದ ಒಳಗಿರುವ ಮೆಮೊರಿ ಮನೆಯದಲ್ಲ, ಕೆಂಪಿಯ ಹಾಲಿನದು, ನಾನು ಹುಲ್ಲು ಕೊಯ್ದು ತಂದದ್ದು, ಅದು ನನಗೆ ಬರಬೇಕು ಎಂದೆ. ಚಿಕ್ಕವ್ವ ಕೋಣೆಯ ಬಾಗಿಲಿಂದ, “ಒಳಗಿಂದು ಮೊದ್ಲಿಂದ್ಲೂ ಅದ್ರಲ್ಲೇ ಇತ್ತು, ಸುಳ್ಳೇಳ್ತಾವ್ಳೆ” ಎಂದಳು. ಯಜಮಾನರು ಮಧುವನ್ನು ಹತ್ತಿರ ಕರೆದು ಹೆಗಲ ಮೇಲೆ ಕೈ ಇಟ್ಟರು.

“ನೀನೂ ಇದ್ರಲ್ಲಿ ಆಡ್ತಿದ್ದೋನಲ್ವಾ ಮಗಾ? ನಿಜ ಯೋಳು. ಅದು ಆಮೇಲ್ ತಂದಿದ್ದಾ, ಮೊದ್ಲಿಂದ ಇದ್ದಿದ್ದಾ?”

ಮಧು ನನ್ನನ್ನು ನೋಡಿದ. ಆಮೇಲೆ ಅವರಮ್ಮನನ್ನು ನೋಡಿದ. ನನಗೆ ಸ್ವಲ್ಪವೂ ಅನುಮಾನವಿರಲಿಲ್ಲ. ಅವನು ಹೇಳುವುದನ್ನು ಕೇಳಿ ಚಿಕ್ಕವ್ವನ ಮುಖ ಹೇಗಾಗುತ್ತದೆ ಎಂದು ನೋಡಲು ನಾನು ಆಗಲೇ ಅತ್ತ ತಿರುಗಿದ್ದೆ.

“ಮೊದ್ಲಿಂದ್ಲೂ ಇತ್ತು ತಾತ.”

ಮೂರು ಮಾತು. ಶ್ರೀರಂಗಪಟ್ಟಣ ಇಲ್ಲ, ಸಾಹೇಬರು ಇಲ್ಲ, ಚುರುಮುರಿ ಇಲ್ಲ, ನನ್ನ ಕುಯ್ದ ಅಂಗೈ ಇಲ್ಲ. ದೊಡ್ಡವರ ಜಗಳ ನಮ್ಮದಲ್ಲ ಎಂದು ನಂಬಿದ್ದವಳು ನಾನೊಬ್ಬಳೇ.

ಗೂಡಿನಲ್ಲಿದ್ದ ಸ್ಕ್ರೂಡ್ರೈವರಿಗೆ ಕೈ ಹಾಕಿದೆ, ಆಮೇಲೆ ಬೇಕಾಗಿಲ್ಲ ಎಂದು ನೆನಪಾಯಿತು. ಮುಚ್ಚಳ ಹೇಗೂ ತೆಗೆದೇ ಇತ್ತು. ಎಲ್ಲರೂ ನೋಡುತ್ತಿರುವಾಗಲೇ ಮಾನಿಟರನ್ನೂ ಮರದ ಹಲಗೆಯನ್ನೂ ಎತ್ತಿ ಕೆಳಗಿಟ್ಟು, ಡಬ್ಬದೊಳಗೆ ಎರಡು ಬೆರಳು ಇಳಿಸಿ, ಕೊಂಡಿ ಸರಿಸಿ, ಒಂದೊಂದಾಗಿ ಎರಡೂ ಪಟ್ಟಿಗಳನ್ನು ಕಿತ್ತುಕೊಂಡೆ. “ಮಡುಗು ಅದ್ನ” ಎಂದ ಅಪ್ಪ. ನಾನು ಇಡಲಿಲ್ಲ. ಅಪ್ಪ ಎದ್ದು ಬಂದು ಹೊಡೆದ. ಅಲ್ಲಿಯವರೆಗೆ ನನ್ನ ಮೇಲೆ ಕೈ ಎತ್ತದಿದ್ದವನು ಊರಿನವರ ಮುಂದೆ ಹೊಡೆದ. ಕೆನ್ನೆಗಿಂತ ಹೆಚ್ಚಾಗಿ ಕಿವಿಗೆ ಬಿತ್ತು, ಗುಯ್ ಎನ್ನುವುದು ಬಹಳ ಹೊತ್ತು ನಿಲ್ಲಲಿಲ್ಲ. ಆ ಸದ್ದಿನ ಮಧ್ಯದಲ್ಲೇ ನಾನು ಕೂಗಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಎಲ್ಲರನ್ನೂ ಬೈದೆ ಎಂದು ಆಮೇಲೆ ಹೇಳಿದರು, ಯಜಮಾನರನ್ನೂ ಸೇರಿಸಿ. ಮುದುಕರು ಮಾತ್ರ ಸಿಟ್ಟಾಗಲಿಲ್ಲ. ಕೈ ಚಾಚಿ ಪಟ್ಟಿಗಳನ್ನು ಇಸಿದುಕೊಂಡು, ಮೂಗಿನ ಹತ್ತಿರ ಹಿಡಿದು ನೋಡಿ, “ಸುಳ್ಳು ಯೋಳೋ ಮಗ ಇಂಗೆ ಒದೆ ತಿನ್ನಾಕಿಲ್ಲ. ಇದು ಆಲಿಂದೇ. ಅಸ ಕಟ್ಟೋಳ್ಗೆ ಕೊಡಿ” ಎಂದು ನಮ್ಮವ್ವನನ್ನು ಕರೆದು ಅವಳ ಕೈಗೆ ಹಾಕಿದರು.

ನಾನು ಗೆದ್ದೆ ಅಂದುಕೊಂಡೆ. ಅವ್ವ ಪಟ್ಟಿಗಳನ್ನು ಸೆರಗಿನಲ್ಲಿ ಒರೆಸಿದಳು. ನಡುಮನೆಯನ್ನು ದಾಟಿ, ಸುಣ್ಣದ ಗೆರೆ ದಾಟಿ, ಚಿಕ್ಕವ್ವನ ಪಕ್ಕ ನಿಂತಿದ್ದ ಮಧುವಿನ ಕೈ ಬಿಡಿಸಿ, ಎರಡನ್ನೂ ಅವನ ಅಂಗೈಯಲ್ಲಿಟ್ಟು ಮುಚ್ಚಿದಳು.

“ತಕ್ಕೋ ಮಗಾ. ಡಬ್ಬ ನಿಮ್ ಪಾಲಿಗ್ ಬಂದದೆ. ಡಬ್ಬದೊಳಗಿಂದು ಡಬ್ಬದಲ್ಲೇ ಇರ್ಲಿ.”

ಎಂಥಾ ದೊಡ್ಡ ಮನಸ್ಸು ಎಂದು ಕೂತಿದ್ದವರು ತಲೆದೂಗಿದರು. ನಾನು ಅವ್ವನ ಮುಖ ನೋಡಲಾರದೆ ಕೊಟ್ಟಿಗೆಗೆ ಹೋದೆ. ಅಪ್ಪನ ಏಟನ್ನು ನಾನು ಆವತ್ತೇ ಒಂದು ಕಡೆಗೆ ಎತ್ತಿಟ್ಟೆ, ಅವನಿಗೆ ಅವಮಾನವಾಗಿತ್ತು, ಹೊಡೆದ. ಮಧುವಿನ ಸುಳ್ಳಿಗೂ ಒಂದು ಕಾರಣ ಹುಡುಕಬಹುದಿತ್ತು, ಹೆದರಿದ್ದ. ಅವ್ವನಿಗೆ ಯಾವ ಕಾರಣವಿತ್ತು? ನನ್ನ ಎರಡು ತಿಂಗಳನ್ನು, ನನ್ನ ನಿಜವನ್ನು, ಊರಿನವರಿಂದ ಒಳ್ಳೆಯವಳು ಅನ್ನಿಸಿಕೊಳ್ಳಲು ದಾನ ಕೊಟ್ಟಳು. ಆರು ತಿಂಗಳು ನಾನು ಅವಳೊಂದಿಗೆ ಬೇಕಾದಷ್ಟೇ ಮಾತಾಡಿದೆ. ಅವಳು ಬಡಿಸಿದ್ದನ್ನು ತಿಂದು ತಟ್ಟೆ ತೊಳೆದಿಟ್ಟು ಏಳುತ್ತಿದ್ದೆ. ತಲೆ ಬಾಚಲು ಕರೆದರೆ ನಾನೇ ಬಾಚಿಕೊಂಡೆ. ಅವಳು ಕೇಳಲೂ ಇಲ್ಲ.

ಗೋಡೆ ಎದ್ದಿತು. ಅಜ್ಜಿ ಒಂದು ತಿಂಗಳು ಈ ಕಡೆ, ಒಂದು ತಿಂಗಳು ಆ ಕಡೆ ಉಣ್ಣತೊಡಗಿದಳು. ನಮ್ಮ ಪಾಲಿನ ಮಾನಿಟರನ್ನು ಅಪ್ಪ ಗೊಬ್ಬರದ ಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅವರಿಗೆ ಡಬ್ಬ ಇದ್ದೂ ಉಪಯೋಗವಿಲ್ಲವಲ್ಲ ಎನ್ನುವುದೊಂದೇ ನನಗೆ ಸಮಾಧಾನವಾಗಿತ್ತು. ಅದೂ ಉಳಿಯಲಿಲ್ಲ. ಚಿಕ್ಕಪ್ಪ ಪೇಟೆಯಿಂದ ಬೇರೆ ಮಾನಿಟರು ತಂದ. ಒಂದು ಮಧ್ಯಾಹ್ನ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಹಸಿ ಗೋಡೆಯಾಚೆಯಿಂದ ಕಾರಿನ ಸದ್ದು ಬಂತು. ನಾನು ಜೋಡಿಸಿದ ಸ್ಪೀಕರಿನಿಂದ, ನಾನು ತರಿಸಿದ ಕಾರ್ಡಿನಿಂದ, ನಾನು ಕುಯ್ದ ಹುಲ್ಲಿನಿಂದ. ತಿರುವಿನಲ್ಲಿ ಅವನು ಯಾವಾಗಲೂ ತಡವಾಗಿ ಬ್ರೇಕು ಹಾಕುತ್ತಿದ್ದ, ಅದೂ ಕೇಳಿಸಿತು. ನಾನು ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದೆ. ಆಮೇಲೆ ಭಾನುವಾರಗಳಲ್ಲೆಲ್ಲ ಹಿತ್ತಿಲಲ್ಲೇ ಕೂತೆ. ಸ್ಕೂಲಿನಲ್ಲಿ ಬೆಂಚು ಬದಲಾಯಿಸಿಕೊಂಡೆ. ಸ್ಕೂಲಿಗೆ ಅವನು ರಸ್ತೆಯಲ್ಲಿ ನಡೆದರೆ ನಾನು ಕಾಲುವೆ ಏರಿಯ ಮೇಲೆ ನಡೆದೆ.

ಮಳೆಗಾಲ ಬಂದಾಗ ಸದ್ದು ನಿಂತಿತು. ನಾಲ್ಕು ದಿನ, ಒಂದು ವಾರ. ಎಂಟನೆಯ ದಿನ ಸ್ಕೂಲು ಬಿಟ್ಟು ಬಂದಾಗ ಮಧು ನಮ್ಮ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ.

“ಜಯಾ, ಡಬ್ಬ ಬರೀ ಕೂಗ್ತದೆ ಕಣೆ. ಏನೂ ಬರಾಕಿಲ್ಲ. ವಸಿ ನೋಡು ಬಾ.”

“ಪೇಟೆಯಿಂದ ಯಾರನ್ನಾದ್ರೂ ಕರ್ಸು.”

“ಅಪ್ಪ ದುಡ್ ಕೊಡಾಕಿಲ್ಲ.”

“ಮೊದ್ಲಿಂದ್ಲೂ ಇದ್ದಿದ್ದಲ್ವಾ, ಮೊದ್ಲಿಂದ್ಲೂ ಇದ್ದೋರ್ನೇ ಕೇಳು.”

ಅವನು ತಲೆ ತಗ್ಗಿಸಿದ. ನಾನು ಒಳಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ಆ ಡಬ್ಬ ಯಾಕೆ ಕೂಗುತ್ತದೆ ಎಂದು ನೋಡಬೇಕು ಎನ್ನುವ ಆಸೆ ನನ್ನ ಸಿಟ್ಟಿನಷ್ಟೇ ದೊಡ್ಡದಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಮುಜುಗರ. ನಿಂತಲ್ಲೇ ಹೇಳಿದೆ: ಬೀದಿಯಲ್ಲಿ ನಿಂತು ಹೇಳು, ಆ ಮೆಮೊರಿ ಯಾರದು ಅಂತ. ನಿಮ್ಮವ್ವನಿಗೆ ಕೇಳಿಸಬೇಕು.

ಮಧು ಬೀದಿಗೆ ಇಳಿದ. ಎದುರು ಮನೆಯವರು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಮೊದಲ ಸಲ ಅವನ ದನಿ ಏಳಲಿಲ್ಲ. “ಕೇಳುಸ್ನಿಲ್ಲ” ಎಂದೆ. ಎರಡನೆಯ ಸಲ ಅವನು ಕಣ್ಣು ಮುಚ್ಚಿ ಕೂಗಿದ: “ಅದು ದೊಡ್ಡವ್ವನ ಅಸೀನ್ ಆಲಿಂದು! ಜಯಾ ತಂದಿದ್ದು! ನಾನ್ ಸುಳ್ಳೇಳ್ದೆ!” ಜರಡಿ ನಿಂತಿತು. ಅವರ ಬಾಗಿಲಲ್ಲಿ ಚಿಕ್ಕವ್ವ ಕಾಣಿಸಿಕೊಂಡಳು. ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಮಗನನ್ನು ನೋಡಿ, ನನ್ನನ್ನು ನೋಡಿ, ಒಳಕ್ಕೆ ಹೋದಳು.

ನಾನು ಗೋಡೆಯಾಚೆಯ ಮನೆಗೆ ಮೊದಲ ಸಲ ಕಾಲಿಟ್ಟೆ. ಪಟ್ಟಿಗಳನ್ನು ತೆಗೆದು ನೋಡಿದರೆ ಚಿನ್ನದ ಹಲ್ಲುಗಳ ಮೇಲೆ ಮಳೆಗಾಲದ ತೇವಕ್ಕೆ ಕಪ್ಪು ಹಿಡಿದಿತ್ತು. ಮಧುವಿನ ಪೆನ್ಸಿಲ್ ರಬ್ಬರು ಇಸಿದುಕೊಂಡು ಉಜ್ಜಿದೆ, ಊದಿದೆ, ಓರೆಯಾಗಿ ಇಳಿಸಿ ನೆಟ್ಟಗೆ ಒತ್ತಿದೆ. ಡಬ್ಬ ಕೂಗುವುದನ್ನು ನಿಲ್ಲಿಸಿ ಎದ್ದಿತು. ಹಿಮದ ಬೆಟ್ಟ ಬಂತು. ಮಧು ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದು, “ನೀನೇ ಮೊದ್ಲು ಆಡು” ಎಂದ. ನಾನು ರಬ್ಬರನ್ನು ಅವನ ಕೈಗಿಟ್ಟು ಎದ್ದು ಬಂದೆ. ಆಡಬೇಕು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಡಲಿಲ್ಲ, ಅಷ್ಟೇ.

ಅವ್ವ ಕೊಟ್ಟಿಗೆಯಲ್ಲಿ ಕೆಂಪಿಯ ಕೆಚ್ಚಲು ತೊಳೆಯುತ್ತಿದ್ದಳು. ಬೀದಿಯ ಕೂಗು ಅವಳಿಗೂ ಕೇಳಿಸಿತ್ತು.

“ಸರಿಯಾಯ್ತಾ?”

“ಊಂ.”

“ಸಿಟ್ಟು ಓಯ್ತಾ?”

“ಇಲ್ಲ” ಎಂದೆ. ಆರು ತಿಂಗಳಿಂದ ಒಳಗಿದ್ದದ್ದು ಒಂದೇ ಸಲಕ್ಕೆ ಬಂತು. “ನಿನ್ ಮೇಲೇ ಜಾಸ್ತಿ ಅದೆ. ಅವ್ನ ಕೈಗೆ ಯಾಕ್ ಕೊಟ್ಟೆ? ಊರೋರ್ ಒಗಳ್ಲಿ ಅಂತ್ಲಾ?”

ಅವ್ವ ನಕ್ಕಳು. ಅಂಥ ನಗುವನ್ನು ನಾನು ಅವಳ ಮುಖದಲ್ಲಿ ಮೊದಲು ನೋಡಿರಲಿಲ್ಲ. ಹಲ್ಲು ಕಾಣಲಿಲ್ಲ, ಕಣ್ಣು ನಗಲಿಲ್ಲ. ಹಾಲಿನ ಧಾರೆ ಚೊಂಬಿಗೆ ಬೀಳುವ ಸದ್ದಿನ ನಡುವೆ, ಗೋಡೆಯ ಕಡೆ ಗದ್ದ ಎತ್ತಿ, ಮೆಲ್ಲಗೆ ಹೇಳಿದಳು:

“ಪಿರೂತೀಲಿ ಕೊಟ್ಟೆ ಅನ್ಕಂಡಾ ಅಮ್ಮಿ? ಅಸ ನಿಂದು, ಉಲ್ಲು ಯಾರ್ದು ಅಂದ್ಲಲ್ಲ, ಅವ್ಳ ಮಗ ಸ್ವಿಚ್ ಒತ್ದಾಗೆಲ್ಲ, ನನ್ನಸೀನ್ ಆಲು ಕುಡ್ದು ಓಡ್ತಾ ಅದೆ ಅಂತ ಅವ್ಳಿಗ್ ನೆಪ್ಪಾಗ್ಬೇಕು. ದಿನಾ ನೆಪ್ಪಾಗ್ಬೇಕು. ಅದ್ಕೇ ಕೊಟ್ಟಿದ್ದು. ನಂಗೂ ಓಗಿಲ್ಲ ಕಣೆ ಸಿಟ್ಟು. ಓಗಾದೂ ಇಲ್ಲ.”

ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಅವಳು ಚೊಂಬನ್ನು ನನ್ನ ಕೈಗೆ ಕೊಟ್ಟು, ಒದ್ದೆ ಕೈಯಿಂದ ನನ್ನ ಜಡೆ ಬಿಚ್ಚಿ, ಮತ್ತೆ ಬಿಗಿಯಾಗಿ, ನೋಯುವಷ್ಟು ಬಿಗಿಯಾಗಿ ಹೆಣೆಯತೊಡಗಿದಳು.